ಹತ್ತಿಕಾಳಿನೊಳಗಿನ ಪ್ರವಾಸಿ

ದಾಳಿಂಬೆಯನ್ನು ಒಡೆದಾಗ ಒಳಗೆ ಹುಳು ಕಂಡರೆ ಎಂಥವರಿಗೂ ಮುಖ ಸಿಂಡರಿಸಿಕೊಳ್ಳುವಂತಾಗುತ್ತದೆ. ಬೋರೆಹಣ್ಣು, ಬದನೆಕಾಯಿಗಳ ಕಥೆಯೂ ಅದೇ. ಹೊರಗಿನಿಂದ ನೋಡಿದರೆ ಕಾಯಿ ಚೆಂದ, ಒಳಗೆ ಇನ್ನೊಬ್ಬರ ಸಂಸಾರ. ಇಂಥ ಹುಳುಗಳಲ್ಲಿ ಕೆಲವು ನೊಣದ ಮರಿಗಳು, ಇನ್ನು ಕೆಲವು ಪುಟ್ಟ ಪತಂಗಗಳ ಮರಿಗಳು. ಆದರೆ ಗದಗ ಸೀಮೆಯ ರೈತನ ನಿದ್ದೆಗೆಡಿಸಿದ ಪತಂಗವೊಂದಿದೆ. ಅದು ಹೊಕ್ಕುವ ಹಣ್ಣನ್ನು ನಾವು ಯಾರೂ ತಿನ್ನುವುದಿಲ್ಲ, ಉಡುತ್ತೇವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹತ್ತಿಯ ಕಾಯಿಯೂ ಒಂದು ಹಣ್ಣೇ. ಬಲಿತು ಒಣಗಿ ಬಿರಿದಾಗ ಬೀಜದ ಜೊತೆ ಅರಳೆಯನ್ನು ಹೊರಚೆಲ್ಲುವ ಹಣ್ಣು.

ಈ ಪತಂಗದ ಮರಿಗೆ ಕೃಷಿ ಇಲಾಖೆಯವರು ಇಟ್ಟಿರುವ ಹೆಸರು ಗುಲಾಬಿ ಕಾಯಿಕೊರಕ. ರೈತರ ಬಾಯಲ್ಲಿ ಅದು ಗುಲಾಬಿ ಹುಳ, ಇಲ್ಲವೇ ಬರೀ ಕೀಡಿ. ವಿಜ್ಞಾನಿಗಳ ಪುಸ್ತಕದಲ್ಲಿ ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ. ಹೆಸರು ಉದ್ದವಾದರೂ ಪ್ರಾಣಿ ಮಾತ್ರ ಬಲು ಚಿಕ್ಕದು. ರೆಕ್ಕೆ ಬಿಚ್ಚಿ ಹರಡಿದರೂ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಬೂದುಗಂದು ಬಣ್ಣ, ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ. ಹಗಲೆಲ್ಲ ಗಿಡದ ಬುಡದಲ್ಲಿ, ನೆಲದ ಬಿರುಕಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹಾರುತ್ತದೆ. ಮೀಸೆಯ ಬುಡದಲ್ಲಿ ಬಾಚಣಿಗೆಯ ಹಲ್ಲಿನಂಥ ರೋಮಗಳಿವೆ. ಅದಕ್ಕೇ 'ಬಾಚಣಿಗೆ ಹೊತ್ತದ್ದು' ಎಂಬ ಅರ್ಥದ ಗ್ರೀಕ್-ಲ್ಯಾಟಿನ್ ಮಿಶ್ರ ಹೆಸರು. ಹೊಲದಲ್ಲಿ ನಿಂತು ನೋಡಿದವರಿಗೆ ಇದು ಕಣ್ಣಿಗೆ ಬೀಳುವುದೇ ಅಪರೂಪ. ಕಾಣುವುದು ಇದು ಮಾಡಿ ಹೋದ ಕೆಲಸ.

ಹೊಂಬಳದಂಥ ಎರೆನೆಲದ ಊರುಗಳಿಗೆ ಹತ್ತಿ ಹೊಸ ಬೆಳೆಯಲ್ಲ. ಧಾರವಾಡದಿಂದ ಗದಗಿನವರೆಗಿನ ಸೀಮೆಯಲ್ಲಿ ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಸೇರಿಸಿ ಬೆಳೆಯುವ ಪದ್ಧತಿ ಹಿಂದಿನಿಂದ ಇದೆ. ಮೊದಲು ಉಳ್ಳಾಗಡ್ಡಿ ಕೈಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕಟ್ಟಕಡೆಗೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕಾಚಾರ. ಸಾಲ ತೀರಿಸುವುದು, ಮದುವೆ ಮಾಡುವುದು, ಮನೆ ಕಟ್ಟುವುದು ಇವೆಲ್ಲ ಕೊನೆಯ ಹತ್ತಿಯ ಮೇಲೆ ನಿಂತಿರುತ್ತಿದ್ದವು. ಆ ಕೊನೆಯ ಹತ್ತಿಯ ಮೇಲೇ ಈ ಹುಳುವಿನ ಕಣ್ಣು.

ಮುಚ್ಚಿದ ಬಾಗಿಲಿನ ಹಿಂದೆ

ಹೆಣ್ಣು ಪತಂಗ ಮೊಗ್ಗಿನ ಮೇಲೆ, ಎಳೆಕಾಯಿಯ ಬುಡದ ಹಸಿರು ಪುಷ್ಪಪಾತ್ರೆಯ ಒಳಮಗ್ಗುಲಲ್ಲಿ ಮೊಟ್ಟೆ ಇಡುತ್ತದೆ. ನಾಲ್ಕೈದು ದಿನಕ್ಕೆ ಮರಿ. ಹೊರಬಂದ ಮರಿ ಎಲೆ ತಿನ್ನುತ್ತ ತಿರುಗುವುದಿಲ್ಲ, ನೇರವಾಗಿ ಕಾಯಿಯನ್ನು ಕೊರೆದು ಒಳಗೆ ಹೋಗುತ್ತದೆ. ಆಗ ಅದು ಕೂದಲೆಳೆಯಷ್ಟು ತೆಳ್ಳಗಿನ ಬಿಳಿಹುಳು. ಅದು ಹೊಕ್ಕ ತೂತು ಕಾಯಿ ಬೆಳೆದಂತೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಯಾವ ಔಷಧ ಹೊಡೆದರೂ ಅದರ ಮೈಗೆ ತಾಗದು. ಸಿಂಪಡಿಸಿದ್ದೆಲ್ಲ ಕಾಯಿಯ ತೊಗಟೆಯ ಮೇಲೆ ಒಣಗಿ ಹೋಗುತ್ತದೆ.

ಒಳಗೆ ಅದು ತಿನ್ನುವುದು ಮುಖ್ಯವಾಗಿ ಬೀಜವನ್ನು. ಒಂದು ಬೀಜ ಮುಗಿಸಿ ಇನ್ನೊಂದಕ್ಕೆ ದಾಟುವಾಗ ನಡುವಿನ ಎಳೆಯನ್ನು ಕಡಿದು ಹಾಳುಮಾಡುತ್ತದೆ. ಎರಡು ವಾರದಲ್ಲಿ ಬಲಿತು ಒಂದು ಸೆಂಟಿಮೀಟರ್ ಮೀರಿದಾಗ ಮೈಮೇಲೆ ಗುಲಾಬಿ ಪಟ್ಟಿಗಳು ಮೂಡುತ್ತವೆ. ಹೂವಿನಲ್ಲೇ ಹೊಕ್ಕರೆ ಪಕಳೆಗಳನ್ನು ರೇಷ್ಮೆಯಂಥ ನೂಲಿನಿಂದ ಹೊಲಿದು ಬಿಡುತ್ತದೆ. ಅರಳದ ಆ ಹೂವು ಗುಲಾಬಿ ಮೊಗ್ಗಿನಂತೆ ಕಾಣುತ್ತದೆ. ಹೊಲದಲ್ಲಿ ಇಂಥ ಹೂವು ಕಂಡರೆ ಹುಳು ಬಂದಿದೆ ಎಂದೇ ಅರ್ಥ. ಕಾಯಿ ಒಡೆಯುವ ಹೊತ್ತಿಗೆ ಅರಳೆ ಕಂದುಗಟ್ಟಿ ಗಂಟುಗಂಟಾಗಿರುತ್ತದೆ. ಮಾರುಕಟ್ಟೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದ ವ್ಯಾಪಾರಿ ಬೆಲೆ ಇಳಿಸಲು ಇನ್ನೊಂದು ಕಾರಣ ಹುಡುಕಬೇಕಾಗಿಲ್ಲ.

ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಒಂದು ತಿಂಗಳ ಬಾಳು. ಆದರೆ ಹಂಗಾಮು ಮುಗಿಯುತ್ತ ಬಂದಾಗ ಈ ಹುಳು ಇನ್ನೊಂದು ವಿದ್ಯೆ ತೋರಿಸುತ್ತದೆ. ಹಗಲು ಮೊಟಕಾಗಿ ಚಳಿ ಶುರುವಾದಾಗ ಬಲಿತ ಹುಳು ಕೋಶವಾಗದೆ ಹಾಗೇ ನಿದ್ದೆಗೆ ಜಾರುತ್ತದೆ. ಎಲ್ಲಿ? ಉದುರಿದ ಕಾಯಿಯಲ್ಲಿ, ಮಣ್ಣಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹತ್ತಿಕಾಳಿನ ಒಳಗೆ. ಟೊಳ್ಳಾದ ಎರಡು ಕಾಳುಗಳನ್ನು ನೂಲಿನಿಂದ ಜೋಡಿಸಿ ನಡುವೆ ಮಲಗಿಬಿಡುತ್ತದೆ. ಹಾಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿಯೂ ಅದು ಜೀವ ಹಿಡಿದಿರಬಲ್ಲದು. ಹೊರಗೆ ನೋಡಿದವರಿಗೆ ಅದು ಬರೀ ಕಾಳು. ಚೀಲಕ್ಕೆ ಹಾಕಿ ಹೊಲಿದು ಹಡಗಿಗೆ ಏರಿಸಿದರೂ ಒಳಗಿನವನಿಗೆ ಎಚ್ಚರವಿಲ್ಲ. ಈ ಹುಳುವಿನ ಚರಿತ್ರೆ ಎಂದರೆ ಮನುಷ್ಯ ಹತ್ತಿಬೀಜವನ್ನು ಎಲ್ಲೆಲ್ಲಿಗೆ ಹೊತ್ತೊಯ್ದ ಎಂಬುದರ ಚರಿತ್ರೆಯೇ.

ಭರೂಚಿನಿಂದ ಟೆಕ್ಸಾಸ್‌ಗೆ

ಈ ಪತಂಗ ಮೊದಲ ಬಾರಿಗೆ ಲಿಖಿತ ದಾಖಲೆಗೆ ಬಂದದ್ದು ನಮ್ಮ ದೇಶದಿಂದಲೇ. ಗುಜರಾತಿನ ಭರೂಚಿನಲ್ಲಿ ಸರ್ಕಾರಿ ಹತ್ತಿ ತೋಟಗಳ ಮೇಲ್ವಿಚಾರಕನಾಗಿದ್ದ ಡಾ. ಬಾರ್ನ್ ಎಂಬಾತ 1842ರ ಸುಮಾರಿಗೆ ಹತ್ತಿಕಾಯಿ ಹಾಳುಮಾಡುವ ಹುಳುವಿನ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. ಅಲ್ಲಿ ಅದನ್ನು ಪರಿಶೀಲಿಸಿ 1843ರಲ್ಲಿ ವಿವರಣೆ ಬರೆದವನು ವಿಲಿಯಂ ವಿಲ್ಸನ್ ಸಾಂಡರ್ಸ್. ವೃತ್ತಿಯಲ್ಲಿ ಆತ ಪ್ರೊಫೆಸರನಲ್ಲ. ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮೆ ವ್ಯವಹಾರ ಮಾಡಿಕೊಂಡು ಬಿಡುವಿನಲ್ಲಿ ಕೀಟ ಸಂಗ್ರಹಿಸುತ್ತಿದ್ದ ಮನುಷ್ಯ. ಹಡಗುಗಳಿಗೆ ವಿಮೆ ಮಾಡಿಸುವ ಊರಿನಲ್ಲಿ, ಮುಂದೆ ಹಡಗು ಹತ್ತಿ ಜಗತ್ತು ಸುತ್ತಲಿದ್ದ ಹುಳುವಿಗೆ ನಾಮಕರಣವಾಯಿತು. ಈಗಿರುವ ಹೆಸರು ಬಂದದ್ದು 1917ರಲ್ಲಿ, ಆಗಸ್ಟ್ ಬುಸ್ಕ್ ಎಂಬ ಅಮೆರಿಕದ ಸರ್ಕಾರಿ ಕೀಟಶಾಸ್ತ್ರಜ್ಞನಿಂದ. ಇದರ ತವರು ಭಾರತವೋ, ಇನ್ನೂ ಪೂರ್ವದ ದೇಶಗಳೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಭರೂಚಿನ ಆ ತೋಟಗಳು ಏಕೆ ಇದ್ದವು ಎಂಬುದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಆ ಕಥೆಯ ಇನ್ನೊಂದು ತುದಿ ನಮ್ಮ ಸೀಮೆಯಲ್ಲಿದೆ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಅದಕ್ಕೆ ಅಮೆರಿಕವೊಂದನ್ನೇ ನಂಬುವುದು ಅವರಿಗೆ ಬೇಡವಾಗಿತ್ತು. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಕರೆಸಿತು. ಅಮೆರಿಕನ್ ಬೀಜ, ಅಮೆರಿಕನ್ ನೇಗಿಲು, ಅಮೆರಿಕನ್ ಯಂತ್ರ ಎಲ್ಲ ಬಂದವು. ಗುಜರಾತಿನಲ್ಲಿ ಪ್ರಯೋಗ ಕೈಗೂಡಲಿಲ್ಲ. ಕೈಗೂಡಿದ್ದು ಧಾರವಾಡ ಜಿಲ್ಲೆಯಲ್ಲಿ. ಕಲೆಕ್ಟರ್ ಶಾ ಅವರ ಆಸಕ್ತಿಯಿಂದ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಾಯೋಗಿಕ ತೋಟ ಶುರುವಾಯಿತು. ಮರ್ಸರ್ ಎಂಬ ಅಮೆರಿಕನ್ ಅದನ್ನು ನಡೆಸಿದ. ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಎರೆಭೂಮಿಗೆ ಒಗ್ಗಿತು. ಮುಂದೆ ಅದೇ 'ಧಾರವಾಡ-ಅಮೆರಿಕನ್' ಎಂದು ಹೆಸರಾಯಿತು. ಅದಕ್ಕೆ ಮೊದಲು ಇಲ್ಲಿದ್ದದ್ದು ಗಿಡ್ಡ ಎಳೆಯ ಜವಾರಿ ಹತ್ತಿ. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರಿಗಳು ಅದನ್ನು 'ಕುಮಟಾ ಹತ್ತಿ' ಎಂದೇ ಕರೆಯುತ್ತಿದ್ದರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಧಾರವಾಡ ಹತ್ತಿಗೆ ಚಿನ್ನದ ಬೆಲೆ ಬಂತು. ಈ ಹತ್ತಿಗಾಗಿ ಕಾರವಾರ ಬಂದರನ್ನು ಬೆಳೆಸಬೇಕೆಂಬ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಒಂದು ಬೆಳೆ ಜಿಲ್ಲೆಯ ಗಡಿಯನ್ನೇ ಕದಲಿಸಿದ ಉದಾಹರಣೆ ಇದು. ಬೆಲೆ ಏರಿದ ಬೆನ್ನಿಗೇ ಕಲಬೆರಕೆಯೂ ಬಂತು. ಅಮೆರಿಕನ್ ಹತ್ತಿಯಲ್ಲಿ ಜವಾರಿ ಹತ್ತಿ, ಹತ್ತಿಯಲ್ಲಿ ಕಾಳು, ಕಸ. ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸದ ವಿರುದ್ಧ ಕಾಯ್ದೆಯನ್ನೇ ತಂದಿತು.

ಹುಳುವಿನ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ದೊಡ್ಡ ಬದಲಾವಣೆ ಬೇರೊಂದಿತ್ತು. ಹಿಂದೆ ಹತ್ತಿಕಾಳು ಬಿಡಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸುತ್ತ ಕಾಳು ಬೇರೆ, ಅರಳೆ ಬೇರೆ ಮಾಡುತ್ತಿದ್ದರು. ಆ ಕಾಳು ಆ ಮನೆಯ ಎತ್ತು ಎಮ್ಮೆಗೆ, ಉಳಿದದ್ದು ಆ ಮನೆಯ ಹೊಲಕ್ಕೆ. ಹುಳುವಿಗೆ ಊರು ಬಿಟ್ಟು ಹೋಗುವ ದಾರಿ ಕಡಿಮೆ. 1884ರ ಹೊತ್ತಿಗೆ ಗದಗಿಗೆ ರೈಲು ಬಂತು, ಜಿನ್ನಿಂಗ್ ಕಾರ್ಖಾನೆಗಳು ಎದ್ದವು. ನೂರು ಹಳ್ಳಿಯ ಹತ್ತಿ ಒಂದೇ ಅಂಗಳಕ್ಕೆ ಬಂದು ರಾಶಿಬಿತ್ತು. ಅಲ್ಲಿಂದ ಬಿತ್ತನೆಗೆ ಕೊಂಡುಹೋದ ಕಾಳು ಯಾರ ಹೊಲದ್ದು ಎಂದು ಯಾರಿಗೂ ಹೇಳಲಾಗದು. ಬೇರೆ ಬೇರೆ ತಳಿಗಳ ಕಾಳು ಬೆರೆತು ಹತ್ತಿಯ ಗುಣ ಕೆಡುತ್ತಿದೆ ಎಂದು ಅಧಿಕಾರಿಗಳು ಚಿಂತಿಸಿ 1923ರಲ್ಲಿ ಹತ್ತಿ ಸಾಗಣೆಗೂ, 1925ರಲ್ಲಿ ಜಿನ್ನಿಂಗ್ ಕಾರ್ಖಾನೆಗಳಿಗೂ ಕಾಯ್ದೆ ತಂದರು. ಅವರ ಚಿಂತೆಯೆಲ್ಲ ತಳಿಯ ಬಗ್ಗೆ. ಕಾಳಿನೊಳಗೆ ಮಲಗಿದವನ ಹೆಸರು ಆ ಕಾಯ್ದೆಗಳ ಮುಖ್ಯ ಗುರಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಆತ ಸಮುದ್ರ ದಾಟಿಯಾಗಿತ್ತು. 1906-07ರ ಸುಮಾರಿಗೆ ಭಾರತದಿಂದ ಈಜಿಪ್ಟಿಗೆ ಹೋದ, ಕಾಳು ಪೂರ್ತಿ ಬಿಡಿಸದ ಹತ್ತಿಯಲ್ಲಿ ಈ ಹುಳು ಅಲ್ಲಿಗೆ ತಲುಪಿತು ಎನ್ನುತ್ತಾರೆ. ನೈಲ್ ನದಿಯ ದಂಡೆಯ ಹತ್ತಿ ಜಗತ್ತಿಗೇ ಹೆಸರುವಾಸಿ. ಆ ಬೀಜ ಬೇಕೆಂದು ಮೆಕ್ಸಿಕೋ 1911ರಲ್ಲಿ ತರಿಸಿಕೊಂಡಿತು. ಬ್ರೆಜಿಲ್ ಕೂಡ ಅದೇ ಕಾಲದಲ್ಲಿ ತರಿಸಿಕೊಂಡಿತು. ಒಳ್ಳೆಯ ಬೀಜ ಕೊಡಬೇಕೆಂಬ ಸದುದ್ದೇಶದ ಹಿಂದೆಯೇ ಹುಳುವೂ ಹೋಯಿತು. ಮೆಕ್ಸಿಕೋದಿಂದ ಟೆಕ್ಸಾಸಿನ ಎಣ್ಣೆ ಗಿರಣಿಗಳಿಗೆ ಹತ್ತಿಕಾಳು ಬಂತು. 1917ರ ಸೆಪ್ಟೆಂಬರಿನಲ್ಲಿ ಹರ್ನ್ ಎಂಬ ಊರಿನ ಎಣ್ಣೆ ಗಿರಣಿಯ ಹತ್ತಿರದ ಹೊಲದಲ್ಲಿ ಮೊದಲ ಹುಳು ಸಿಕ್ಕಿತು. ಟೆಕ್ಸಾಸ್ ಸರ್ಕಾರ ಅದೇ ವರ್ಷ ಈ ಹುಳುವಿನ ಹೆಸರಿನಲ್ಲೇ ಕಾಯ್ದೆ ಮಾಡಿತು. ಹುಳು ಬಿದ್ದ ಪ್ರದೇಶಗಳಲ್ಲಿ ಹತ್ತಿಯನ್ನೇ ಬಿತ್ತಬಾರದೆಂದು ನಿರ್ಬಂಧ ಹೇರಿ, ಹೊಲಗಳನ್ನು ಸ್ವಚ್ಛ ಮಾಡಿಸಿತು.

ಈಜಿಪ್ಟಿನವರು ಬಿತ್ತನೆ ಬೀಜವನ್ನು ಕಾರ್ಖಾನೆಯಲ್ಲೇ ಬಿಸಿಗಾಳಿಯಲ್ಲಿ ಕಾಯಿಸಿ ಹುಳು ಕೊಲ್ಲುವುದನ್ನು ಕಡ್ಡಾಯ ಮಾಡಿದರು. ನಮ್ಮಲ್ಲಿ ಮದರಾಸು ಪ್ರಾಂತ 1919ರಲ್ಲಿ ಕೃಷಿ ಕೀಟ-ರೋಗ ಕಾಯ್ದೆ ತಂದು, ಕೊಯಮತ್ತೂರು ಕಡೆ ಹತ್ತಿ ಗಿಡಗಳನ್ನು ನಿಗದಿತ ದಿನದೊಳಗೆ ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿತು. ನೂರು ವರ್ಷದ ಹಿಂದೆಯೇ ಈ ಹುಳುವಿಗೆ ಮದ್ದು ಯಾವುದು ಎಂಬುದು ಹೆಚ್ಚುಕಡಿಮೆ ಗೊತ್ತಾಗಿತ್ತು ಎನ್ನುವುದಕ್ಕೆ ಈ ಎರಡು ಸಾಕು. ಒಂದು, ಬೀಜ ಶುದ್ಧವಾಗಿರಬೇಕು. ಎರಡು, ವರ್ಷದಲ್ಲಿ ಕೆಲವು ತಿಂಗಳು ಹೊಲದಲ್ಲಿ ಹತ್ತಿಯೇ ಇರಬಾರದು.

ಹೈಬ್ರಿಡ್ ಹತ್ತಿಯ ಹುಮ್ಮಸ್ಸು

ಧಾರವಾಡ ಸಂಶೋಧನಾ ಕೇಂದ್ರದಲ್ಲಿ ಜಿ.ಎಲ್. ಕೊಟ್ಟೂರ್ ಅವರ ಕಾಲದಿಂದಲೂ ಹತ್ತಿಯ ಕೆಲಸ ನಡೆದಿತ್ತು. ಧಾರವಾಡ-ಅಮೆರಿಕನ್ ಹತ್ತಿಯಿಂದ ಆಯ್ದು ಬೆಳೆಸಿದ 'ಗದಗ-1' ತಳಿ ನಮ್ಮ ಊರಿನ ಹೆಸರನ್ನು ಹತ್ತಿ ಲೋಕದಲ್ಲಿ ಉಳಿಸಿತು. ಅದಕ್ಕೆ ಕಾಂಬೋಡಿಯಾ ಹತ್ತಿಯನ್ನು ಕೂಡಿಸಿ ಪಡೆದದ್ದು 'ಲಕ್ಷ್ಮಿ'. ಜವಾರಿ ಕುಲದಲ್ಲಿ 'ಜಯಧರ' ಬಂತು. ಮಳೆಯನ್ನೇ ನಂಬಿದ ಎರೆನೆಲದಲ್ಲಿ ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತಿ, ಹಿಂಗಾರಿನ ಹಸಿಯಲ್ಲಿ ಬೆಳೆದು, ಬೇಸಿಗೆಯ ಮೊದಲು ಬಿಡಿಸುವ ಹತ್ತಿ ಇದು. ಈ ಹಳೆಯ ಹತ್ತಿಗೆ ಕೀಡಿ ಬರುತ್ತಲೇ ಇರಲಿಲ್ಲ ಎನ್ನುವವರಿದ್ದಾರೆ. ಹಾಗೇನಿಲ್ಲ, ಬರುತ್ತಿತ್ತು. ಆದರೆ ನೀರಿಲ್ಲದ, ಗೊಬ್ಬರ ಕಡಿಮೆಯ ಗಿಡದಲ್ಲಿ ಕಾಯಿಗಳೂ ಮಿತವಾಗಿದ್ದವು. ಏಪ್ರಿಲ್ ಬಿಸಿಲಿಗೆ ನೆಲ ಬಿರಿದ ಮೇಲೆ ಮತ್ತೆ ಹೂವು ಕಾಣಬೇಕೆಂದರೆ ಅಕ್ಟೋಬರ್ ಬರಬೇಕು. ಎದ್ದ ಪತಂಗಕ್ಕೆ ಮೊಟ್ಟೆ ಇಡಲು ಜಾಗವೇ ಸಿಗುತ್ತಿರಲಿಲ್ಲ.

1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು 'ಲಕ್ಷ್ಮಿ'ಗೆ ಈಜಿಪ್ಟ್ ಮಾದರಿಯ ಉದ್ದ ಎಳೆಯ ಹತ್ತಿಯ ಜಾತಿಯನ್ನು ಕೂಡಿಸಿ 'ವರಲಕ್ಷ್ಮಿ'ಯನ್ನು ಕೊಟ್ಟರು. ಎರಡು ಬೇರೆ ಜಾತಿಗಳನ್ನು ಸೇರಿಸಿ ವ್ಯಾಪಾರಕ್ಕೆ ಬಂದ ಇಂಥ ಹೈಬ್ರಿಡ್ ಹತ್ತಿ ಜಗತ್ತಿನಲ್ಲೇ ಮೊದಲನೆಯದು. 1981ರಲ್ಲಿ ಅದರ ಬೆನ್ನಿಗೆ 'ಜಯಲಕ್ಷ್ಮಿ' ಎಂಬ ಡಿಸಿಎಚ್-32 ಬಂತು. ರಾಣೆಬೆನ್ನೂರು ಭಾಗದಲ್ಲಿ ಹೂವು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿ ಬೀಜ ತಯಾರಿಸುವುದೇ ಒಂದು ಉದ್ಯೋಗವಾಯಿತು. ಅದೇ ಹೊತ್ತಿಗೆ ಮಲಪ್ರಭೆಯ ಕಾಲುವೆಗಳಲ್ಲಿ ನೀರು ಬಂತು. ನರಗುಂದ, ನವಲಗುಂದದ ರೈತರು ವರಲಕ್ಷ್ಮಿಯನ್ನು ನಂಬಿ ದುಡ್ಡು ಸುರಿದರು. ಬೆಲೆ ಕುಸಿಯಿತು, ಮೇಲೆ ಸರ್ಕಾರದ ಸುಧಾರಣಾ ಕರ. 1980ರ ಜುಲೈನ ರೈತ ಬಂಡಾಯಕ್ಕೆ ಕಾರಣಗಳು ಹಲವು. ಹತ್ತಿಯ ನಿರಾಶೆ ಅವುಗಳಲ್ಲೊಂದು.

ಹೈಬ್ರಿಡ್ ಗಿಡ ಆರೇಳು ತಿಂಗಳು ಹಸಿರಾಗಿಯೇ ನಿಲ್ಲುತ್ತದೆ. ನೀರು ಕೊಟ್ಟಷ್ಟೂ ಹೂವು, ಹೂವಾದಷ್ಟೂ ಕಾಯಿ. ಹುಳುವಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೆ? ರೈತ ಔಷಧದ ಡಬ್ಬಿಗೆ ಕೈ ಹಾಕಿದ. 1980ರ ದಶಕದಲ್ಲಿ ಬಂದ ಹೊಸ ಪೈರೆಥ್ರಾಯ್ಡ್ ಔಷಧಗಳು ಮೊದಮೊದಲು ಪವಾಡದಂತೆ ಕೆಲಸ ಮಾಡಿ, ಆಮೇಲೆ ಸೋತವು. ದೇಶದ ಸಾಗುವಳಿ ಭೂಮಿಯಲ್ಲಿ ಹತ್ತಿಯ ಪಾಲು ಶೇ 5ರಷ್ಟು, ಕೀಟನಾಶಕದಲ್ಲಿ ಅದರ ಪಾಲು ಅರ್ಧದಷ್ಟು ಎಂಬ ಅಂದಾಜನ್ನು ಆಗ ಎಲ್ಲರೂ ಉಲ್ಲೇಖಿಸುತ್ತಿದ್ದರು. ಆ ವರ್ಷಗಳ ಮುಖ್ಯ ಖಳನಾಯಕ ಮಾತ್ರ ಗುಲಾಬಿ ಹುಳವಲ್ಲ, ತೊಗರಿ, ಕಡಲೆ, ಮೆಣಸಿನಕಾಯಿ ಎಲ್ಲವನ್ನೂ ತಿನ್ನುವ ದಪ್ಪ ಹಸಿರು ಕಾಯಿಕೊರಕ. 1997-98ರಲ್ಲಿ ಆಂಧ್ರದ ವಾರಂಗಲ್ ಕಡೆ ಹತ್ತಿ ರೈತರ ಆತ್ಮಹತ್ಯೆಗಳು ದೇಶವನ್ನು ಬೆಚ್ಚಿಬೀಳಿಸಿದ್ದು ಇಂಥ ಕೀಟಗಳ ಹಾವಳಿಯ ವರ್ಷದಲ್ಲೇ.

ಬಿಟಿ ಬಂತು, ಹುಳು ಕಾದಿತ್ತು

1998ರ ನವೆಂಬರ್ ಕೊನೆಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನಾಯಕತ್ವದ ರೈತ ಸಂಘದವರು ಪ್ರಾಯೋಗಿಕ ಬಿಟಿ ಹತ್ತಿಯನ್ನು ಕಿತ್ತು ಸುಟ್ಟ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಆದರೂ 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಸಮಿತಿ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಗೆ ಸೇರಿಸಿ, ಗಿಡವೇ ಹುಳುವಿಗೆ ವಿಷವಾಗುವಂತೆ ಮಾಡಿದ ತಂತ್ರ ಇದು. ಕಾಯಿಯೊಳಗೆ ಹೊಕ್ಕು ಕೂತವನಿಗೆ ಔಷಧ ತಾಗುವುದಿಲ್ಲ ಎಂಬ ಹಳೆಯ ಕಷ್ಟಕ್ಕೆ ನೇರ ಉತ್ತರ. 450 ಗ್ರಾಮಿನ ಪೊಟ್ಟಣಕ್ಕೆ ಆರಂಭದಲ್ಲಿ ಸುಮಾರು 1,600 ರೂಪಾಯಿ. 2006ರಲ್ಲಿ ಆಂಧ್ರ ಸರ್ಕಾರ ಜಗ್ಗಾಡಿ ಅದನ್ನು 750ಕ್ಕೆ ಇಳಿಸಿತು. ಎರಡು ಜೀನುಗಳ ಬೋಲ್‌ಗಾರ್ಡ್-2 ಬಂದದ್ದೂ 2006ರಲ್ಲೇ. ದಶಕ ಕಳೆಯುವಷ್ಟರಲ್ಲಿ ದೇಶದ ಶೇ 90ಕ್ಕೂ ಹೆಚ್ಚು ಹತ್ತಿ ಬಿಟಿಯಾಗಿತ್ತು. ಕೆಲವು ವರ್ಷ ಔಷಧದ ಖರ್ಚು ಇಳಿದದ್ದೂ ನಿಜ, ಇಳುವರಿ ಏರಿದ್ದೂ ನಿಜ. ಅದನ್ನು ಅಲ್ಲಗಳೆಯುವುದು ರೈತನ ಅನುಭವವನ್ನೇ ಅಲ್ಲಗಳೆದಂತೆ.

ಎಡವಟ್ಟಾದದ್ದು ಎಲ್ಲಿ? ಬಿಟಿ ಪೊಟ್ಟಣದ ಜೊತೆ 120 ಗ್ರಾಂ ಸಾದಾ ಹತ್ತಿಬೀಜದ ಇನ್ನೊಂದು ಪೊಟ್ಟಣ ಬರುತ್ತಿತ್ತು. ಅದನ್ನು ಹೊಲದ ಸುತ್ತ ಐದು ಸಾಲು ಹಾಕಬೇಕೆಂಬುದು ನಿಯಮ. ಏಕೆಂದರೆ ಬಿಟಿ ತಿಂದೂ ಬದುಕುವ ಹುಳು ಲಕ್ಷಕ್ಕೊಂದು ಇದ್ದೇ ಇರುತ್ತದೆ. ಅದು ಸಾದಾ ಹತ್ತಿಯಲ್ಲಿ ಬೆಳೆದ ಹುಳುವಿನ ಜೊತೆ ಕೂಡಿದರೆ ಮುಂದಿನ ಪೀಳಿಗೆಗೆ ಆ ಶಕ್ತಿ ಪೂರ್ತಿ ದಾಟುವುದಿಲ್ಲ. ಸಾದಾ ಹತ್ತಿಯೇ ಇಲ್ಲದಿದ್ದರೆ ಬದುಕಿದವು ಬದುಕಿದವುಗಳನ್ನೇ ಕೂಡುತ್ತವೆ. ಈ ಮಾತನ್ನು ರೈತನಿಗೆ ತಿಳಿಯುವಂತೆ ಹೇಳಿದವರು ಕಡಿಮೆ. ಹುಳುವಿಗಾಗಿ ಒಂದಿಷ್ಟು ಬೆಳೆ ಬಿಟ್ಟುಕೊಡು ಎಂದರೆ ಎರಡೆಕರೆಯ ಒಡೆಯ ಹೇಗೆ ಒಪ್ಪಿಯಾನು? ಆ ಸಣ್ಣ ಪೊಟ್ಟಣಗಳು ಬದುವಿನ ಮೇಲೆ ಬಿದ್ದವು.

ದಪ್ಪ ಹಸಿರು ಹುಳುವಿಗೆ ತೊಗರಿ, ಕಡಲೆಯ ಹೊಲಗಳೇ ಆ ಸಾದಾ ಸಾಲಿನ ಕೆಲಸ ಮಾಡಿದವು. ಆದ್ದರಿಂದ ಅದರಲ್ಲಿ ಶಕ್ತಿ ಅಷ್ಟು ಬೇಗ ಬೆಳೆಯಲಿಲ್ಲ. ಗುಲಾಬಿ ಹುಳುವಿಗಾದರೋ ಹತ್ತಿ ಬಿಟ್ಟರೆ ಬೇರೆ ಊಟ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಹೆಚ್ಚಿನ ದೇಶಗಳಲ್ಲಿ ಬಿಟಿ ಜೀನು ಇರುವುದು ಶುದ್ಧ ತಳಿಯ ಹತ್ತಿಯಲ್ಲಿ, ನಮ್ಮಲ್ಲಿ ಮಾತ್ರ ಹೈಬ್ರಿಡ್‌ನಲ್ಲಿ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಕಾಳುಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದೇ ಜೀನಿನ ಹತ್ತಿಯಾದರೆ ನಾಲ್ಕರಲ್ಲಿ ಒಂದು ಕಾಳಿನಲ್ಲಿ ವಿಷವೇ ಇರದು. ಎರಡು ಜೀನಿನಲ್ಲೂ ಕೆಲವು ಕಾಳಿನಲ್ಲಿ ಎರಡೂ, ಕೆಲವುದರಲ್ಲಿ ಒಂದೇ, ಕೆಲವುದರಲ್ಲಿ ಏನೂ ಇಲ್ಲ. ಕಾಳಿನಿಂದ ಕಾಳಿಗೆ ದಾಟುತ್ತ ತಿನ್ನುವ ಹುಳುವಿಗೆ ಇದು ಸ್ವಲ್ಪ ಸ್ವಲ್ಪವೇ ವಿಷ ಉಣಿಸಿ ಪಳಗಿಸಿದಂತೆ. ಹೈಬ್ರಿಡ್ ಆದ್ದರಿಂದ ರೈತ ಕಾಳು ಉಳಿಸಿ ಬಿತ್ತುವಂತಿಲ್ಲ, ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ಬೀಜ ಕಂಪನಿಗಳಿಗೆ ಹೈಬ್ರಿಡ್ ಮೇಲೆ ಇಷ್ಟೇಕೆ ಪ್ರೀತಿ ಎಂದು ಕೇಳಿದರೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸೇರಿ, ರೈತ ತಾನೇ ಕಾಳು ಉಳಿಸಿಕೊಳ್ಳಬಹುದಾದ ಬಿಟಿ ತಳಿಯೊಂದನ್ನು ತಂದಿದ್ದುಂಟು. 2009ರಲ್ಲಿ ಮಾರುಕಟ್ಟೆಗೆ ಬಂದ ಅದರಲ್ಲಿ ಮಾನ್ಸಾಂಟೊ ಕಂಪನಿಯ ಜೀನೇ ಇರುವುದು ಪತ್ತೆಯಾಗಿ ಮಾರಾಟ ನಿಂತಿತು. ಸಾರ್ವಜನಿಕ ಸಂಸ್ಥೆಗಳ ಪ್ರಯತ್ನ ಹಾಗೆ ಮುಗ್ಗರಿಸಿದ್ದು ಇಡೀ ಕಥೆಯ ಬೇಸರದ ಅಧ್ಯಾಯ.

2010ರ ಮಾರ್ಚ್‌ನಲ್ಲಿ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು: ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳಲ್ಲಿ ಗುಲಾಬಿ ಹುಳು ಮೊದಲ ಬಿಟಿ ಹತ್ತಿಯನ್ನು ಜೀರ್ಣಿಸಿಕೊಂಡಿದೆ. 2014ರ ನಂತರ ಎರಡು ಜೀನಿನ ಹತ್ತಿಯೂ ಸೋಲತೊಡಗಿತು. ಗುಜರಾತಿನ ಹಿಂದೆಯೇ ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು ಸೀಮೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಆಳೆತ್ತರ ಬೆಳೆದ ಹತ್ತಿಯಲ್ಲಿ ಔಷಧ ಹೊಡೆಯುತ್ತ ಹಲವು ರೈತರು, ಕೂಲಿಗಳು ವಿಷವೇರಿ ಸತ್ತರು. 2021ರ ಹೊತ್ತಿಗೆ ಹುಳು ಪಂಜಾಬಿನ ಹೊಲಗಳಲ್ಲೂ ದೊಡ್ಡ ಸುದ್ದಿಯಾಗಿತ್ತು. ಯಾವ ಖರ್ಚು ಉಳಿಯಲೆಂದು ದುಬಾರಿ ಬೀಜ ಕೊಂಡರೋ ಅದೇ ಖರ್ಚು ಮತ್ತೆ ಹೆಗಲೇರಿತು. ಬೀಜದ ಹಣ ಬೇರೆ, ಔಷಧದ ಹಣ ಬೇರೆ.

ಇದೇ ಹುಳು, ಇದೇ ಬಿಟಿ ವಿಷ. ಆದರೆ ಅಮೆರಿಕದಲ್ಲಿ ನಡೆದದ್ದು ಪೂರ್ತಿ ಬೇರೆ. 2018ರ ಅಕ್ಟೋಬರಿನಲ್ಲಿ ಅಲ್ಲಿನ ಕೃಷಿ ಇಲಾಖೆ, ದೇಶದ ಹತ್ತಿ ಬೆಳೆಯುವ ಪ್ರದೇಶಗಳಿಂದ ಗುಲಾಬಿ ಹುಳು ನಿರ್ಮೂಲವಾಯಿತು ಎಂದು ಘೋಷಿಸಿತು. ಟೆಕ್ಸಾಸಿಗೆ ಬಂದು ನೂರೊಂದು ವರ್ಷದ ನಂತರ. ಅರಿಝೋನಾದ ರೈತರು ಸಾದಾ ಹತ್ತಿಯ ನಿಯಮವನ್ನು ಬಹುಮಟ್ಟಿಗೆ ಪಾಲಿಸಿದರು. ಹಂಗಾಮು ಮುಗಿದೊಡನೆ ಗಿಡ ಕತ್ತರಿಸಿ ನೆಲಕ್ಕೆ ಉಳುವುದು ಅಲ್ಲಿ ಕಾನೂನು. ಅದರ ಮೇಲೆ ಫೀನಿಕ್ಸ್‌ನ ಕೇಂದ್ರದಲ್ಲಿ ಸಾಕಿ, ವಿಕಿರಣದಿಂದ ಸಂತಾನಶಕ್ತಿ ಕಳೆದ ನೂರಾರು ಕೋಟಿ ಪತಂಗಗಳನ್ನು ವಿಮಾನದಿಂದ ಹೊಲಗಳ ಮೇಲೆ ಬಿಟ್ಟರು. ಅವುಗಳ ಆಹಾರದಲ್ಲಿ ಕೆಂಪು ಬಣ್ಣ ಬೆರೆಸಿರುತ್ತಿದ್ದರು, ಬಲೆಗೆ ಬಿದ್ದಾಗ ಇದು ನಮ್ಮದು, ಇದು ಕಾಡಿನದು ಎಂದು ಗುರುತಿಸಲು. ಬಿಟಿ ಅಲ್ಲಿ ಹಲವು ಅಸ್ತ್ರಗಳಲ್ಲಿ ಒಂದು. ಇಲ್ಲಿ ಅದೊಂದೇ ಅಸ್ತ್ರ. ಸಾವಿರಾರು ಎಕರೆಯ ಒಡೆಯರಿರುವ ಅರಿಝೋನಾವನ್ನು ನಮ್ಮ ತುಂಡು ಹೊಲಗಳಿಗೆ ಹೋಲಿಸುವುದು ಪೂರ್ತಿ ನ್ಯಾಯವಲ್ಲ ಎಂಬುದನ್ನೂ ಹೇಳಬೇಕು.

ಕ್ಯಾಲೆಂಡರಿನ ಮದ್ದು

ಈಗ ಕೃಷಿ ವಿಶ್ವವಿದ್ಯಾಲಯಗಳು ಹೇಳುತ್ತಿರುವುದನ್ನು ಕೇಳಿದರೆ 1919ರ ಮದರಾಸಿನ ಆಜ್ಞೆಯನ್ನು ಮತ್ತೆ ಓದಿದಂತಾಗುತ್ತದೆ. ಬೇಗ ಮುಗಿಯುವ ತಳಿ ಹಾಕಿ. ಊರಿನವರೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿತ್ತಿ. ಡಿಸೆಂಬರ್ ಕೊನೆಗೆ ಬೆಳೆ ಮುಗಿಸಿ. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಶೀಗಿ ಹುಣ್ಣಿಮೆಯ ಹೊತ್ತಿಗೆ ಎಳೆಕಾಯಿ ಪರೀಕ್ಷಿಸುತ್ತಿರಬೇಕು, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಹತ್ತಿ ಬಿಡಿಸಿ ಮುಗಿಯುತ್ತ ಬಂದಿರಬೇಕು. ಇನ್ನೊಂದು ನೀರು ಬಿಟ್ಟರೆ ಎಕರೆಗೆ ಇನ್ನೊಂದೆರಡು ಕ್ವಿಂಟಲ್ ಬರುತ್ತದೆಂದು ಮಾರ್ಚ್‌ವರೆಗೆ ಗಿಡ ನಿಲ್ಲಿಸಿದರೆ, ಆ ಎರಡು ಕ್ವಿಂಟಲಿನ ಜೊತೆ ಮುಂದಿನ ವರ್ಷದ ಹುಳುವೂ ತಯಾರಾಗುತ್ತದೆ.

ಕೊನೆಯ ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಕುರಿ ಮೇಯಿಸಿ ಎಂಬುದು ತಜ್ಞರ ಇನ್ನೊಂದು ಸಲಹೆ. ಒಡೆಯದೆ ಉಳಿದ ಕಾಯಿಗಳನ್ನು ಕುರಿಗಳು ಹುಳುವಿನ ಸಮೇತ ತಿಂದು ಮುಗಿಸುತ್ತವೆ. ಕುರಿಗಾರರ ಹಿಂಡು ಕರೆದು ಹೊಲದಲ್ಲಿ ನಿಲ್ಲಿಸುವುದು ನಮ್ಮ ಕಡೆ ಗೊಬ್ಬರಕ್ಕಾಗಿ ಹಿಂದಿನಿಂದ ನಡೆದುಬಂದದ್ದೇ. ಈ ಸಲಹೆಗೆ ಯಾರ ತಕರಾರೂ ಇರಲಾರದು. ತಕರಾರು ಇರುವುದು ಹತ್ತಿಕಟ್ಟಿಗೆಯ ವಿಷಯದಲ್ಲಿ. ಗಿಡ ಕಿತ್ತು ಪುಡಿಮಾಡಿ, ಇಲ್ಲವೇ ದೂರ ಸಾಗಿಸಿ, ಮನೆಯ ಹಿತ್ತಲಲ್ಲಿ ಒಟ್ಟಬೇಡಿ ಎನ್ನುತ್ತಾರೆ. ಒಟ್ಟಿದ ಕಟ್ಟಿಗೆಯ ಒಣಕಾಯಿಗಳಲ್ಲಿ ಮಲಗಿದ ಹುಳು ಮುಂಗಾರಿನ ಮೊದಲ ತೇವಕ್ಕೆ ಪತಂಗವಾಗಿ ಹೊರಬರುತ್ತದೆ, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಆ ಬಣವೆ ವರ್ಷದ ಉರುವಲು. ಗ್ಯಾಸಿನ ಸಿಲಿಂಡರ್ ಬಂದಿದ್ದರೂ ಸ್ನಾನದ ನೀರು ಕಾಯುವುದು, ರೊಟ್ಟಿ ಬೇಯುವುದು ಆ ಕಟ್ಟಿಗೆಯಲ್ಲೇ. ಅದರ ಬದಲು ಏನು ಉರಿಸಬೇಕು ಎಂಬ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರ ಇರುವುದಿಲ್ಲ.

ಹೊಸ ಉಪಾಯಗಳೂ ಇವೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆ ಯಾವುದೆಂದು 1973ರಲ್ಲೇ ಪತ್ತೆಯಾಗಿತ್ತು. ಆ ವಾಸನೆಯ ಗುಳಿಗೆ ಇಟ್ಟ ಮೋಹಕ ಬಲೆಗಳನ್ನು ಹೊಲದಲ್ಲಿ, ಜಿನ್ನಿಂಗ್ ಗಿರಣಿಗಳ ಅಂಗಳದಲ್ಲಿ ತೂಗುಹಾಕುತ್ತಾರೆ. ಬಲೆಯೊಂದಕ್ಕೆ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಎಚ್ಚರದ ಗಂಟೆ. ಈಚಿನ ವರ್ಷಗಳಲ್ಲಿ ಅದೇ ವಾಸನೆ ತುಂಬಿದ ಸಣ್ಣ ಹಗ್ಗಗಳನ್ನು ಗಿಡಗಳಿಗೆ ಕಟ್ಟುವ ಪ್ರಯೋಗಗಳೂ ನಡೆದಿವೆ. ಹೊಲವೆಲ್ಲ ಒಂದೇ ವಾಸನೆಯಾದಾಗ ಗಂಡಿಗೆ ಹೆಣ್ಣು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಒಬ್ಬ ಕಟ್ಟಿ ಪಕ್ಕದವನು ಬಿಟ್ಟರೆ ಮಾತ್ರ ಉಪಯೋಗವಿಲ್ಲ. ಬೇರೆ ಹೊಲದಲ್ಲಿ ಕೂಡಿದ ಹೆಣ್ಣು ಬದು ದಾಟಿ ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಪೊಟ್ಟಣದ ಬೀಜದಂತೆ ಇದನ್ನು ಒಬ್ಬೊಬ್ಬರೇ ಕೊಂಡು ತರಲು ಬರುವುದಿಲ್ಲ. ಊರೇ ಕೂಡಿ ಕಟ್ಟಬೇಕು.

ಧಾರವಾಡ, ಹಾವೇರಿ, ಗದಗ ಜಿಲ್ಲೆಗಳ ಅನೇಕ ರೈತರು ಈ ಜಂಜಾಟವೇ ಬೇಡವೆಂದು ಗೋವಿನಜೋಳದತ್ತ ವಾಲಿದ್ದಾರೆ. ಹತ್ತಿಯನ್ನೇ ನೆಚ್ಚಿದವರಿಗೆ ಸದ್ಯ ಕೈಗೆಟಕುವ ಉಪಾಯವೊಂದಿದೆ. ಅದಕ್ಕೆ ದುಡ್ಡೂ ಬೇಡ, ಯಂತ್ರವೂ ಬೇಡ. ಹೂವಾಡಿ ಕಾಯಿ ಕಟ್ಟಿದಂದಿನಿಂದ ವಾರಕ್ಕೊಮ್ಮೆ ಹೊಲದಲ್ಲಿ ಅಡ್ಡಾಡಿ, ಎಕರೆಗೆ ಅಲ್ಲೊಂದು ಇಲ್ಲೊಂದರಂತೆ 20 ಹಸಿಕಾಯಿ ಕಿತ್ತು ಕಲ್ಲಿನಿಂದ ಒಡೆದು ನೋಡುವುದು. ಎರಡರಲ್ಲಿ ಹುಳು ಇದ್ದರೆ ಔಷಧ ಹೊಡೆಯಬೇಕು. ಇಲ್ಲದಿದ್ದರೆ ಆ ವಾರ ಪಂಪಿಗೆ ಕೈ ಹಾಕಬೇಕಿಲ್ಲ.